ಹಳೆಯ 407 ಲಾರಿಯ ತಗಡಿಗೆ ತುಕ್ಕು ಪರಿವರ್ತಕ: ಒಂದು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಕಾಸರಗೋಡು, ಕುಂಬಳೆ, ಬದಿಯಡ್ಕದಂಥ ಪೇಟೆಗಳ ಪೈಂಟಿನ ಅಂಗಡಿಗಳಲ್ಲಿ ಈಗ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಕೇಳಿದರೆ ಸಿಗುತ್ತದೆ. ತುಕ್ಕು ಹಿಡಿದ ತಗಡಿಗೆ ಬ್ರಷ್ಷಿನಿಂದ ಬಳಿದರೆ ಸಾಕು, ತುಕ್ಕೇ ಕಪ್ಪಾಗಿ ಗಟ್ಟಿಯಾಗುತ್ತದೆ, ಕೆರೆಯುವ ಶ್ರಮವಿಲ್ಲ, ನೇರವಾಗಿ ಅದರ ಮೇಲೆಯೇ ಪೈಂಟು ಹೊಡೆಯಬಹುದು ಎಂಬುದು ಡಬ್ಬಿಯ ಮೇಲಿನ ಭರವಸೆ. ತೋಟದ ಕೆಲಸಕ್ಕಿರುವ ನಮ್ಮ ಹಳೆಯ ಟಾಟಾ 407 ಲಾರಿಯ ಕ್ಯಾಬಿನ್ನನ್ನೂ ಹಿಂಬದಿಯ ಬಾಡಿಯನ್ನೂ ಮನೆಯ ಶೆಡ್ಡಿನಲ್ಲಿಯೇ ದುರಸ್ತಿ ಮಾಡಿಕೊಂಡಾಗ ಇಂತಹ ದ್ರಾವಣದ ಎರಡು ಬಗೆಗಳನ್ನು ಬಳಸಿದ್ದೇನೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆ ಪೂರ್ತಿಯಾಗಿ ಸುರಿದುಹೋದ ಮೇಲೆ, ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದ್ರಾವಣ ಕೆಲಸ ಮಾಡುತ್ತದೆ, ಆದರೆ ಡಬ್ಬಿ ಹೇಳುವ ಜಾಗದಲ್ಲಿ ಅಲ್ಲ. ಕೆರೆದು, ತೊಳೆದು, ಹಾಳಾದುದನ್ನು ಕತ್ತರಿಸಿ ಹೊಸ ತಗಡು ಬೆಸೆದ ಮೇಲೆಯೂ ತಗ್ಗುಗಳಲ್ಲಿ ಉಳಿದುಕೊಳ್ಳುವ ತೆಳುವಾದ ತುಕ್ಕಿಗೆ ಅದು ತಕ್ಕ ವಸ್ತು. ಆ ಕೆಲಸಗಳನ್ನೆಲ್ಲ ತಪ್ಪಿಸಿಕೊಳ್ಳುವುದಕ್ಕಾಗಿ ಕೊಳ್ಳುವುದಾದರೆ ದುಡ್ಡು ದಂಡ.

1986ರಲ್ಲಿ ಮಾರುಕಟ್ಟೆಗೆ ಬಂದ 407, ಆಗಿನ ಟೆಲ್ಕೊ, ಎಂದರೆ ಈಗಿನ ಟಾಟಾ ಮೋಟಾರ್ಸ್ ಕಂಪೆನಿಯ ಲಾರಿ. ನಮ್ಮ ಕಡೆ ಎಲ್ಲರೂ ಅದನ್ನು ಫೋರ್ ನಾಟ್ ಸೆವೆನ್ ಎಂದೇ ಕರೆಯುತ್ತಾರೆ. ಇಂಜಿನ್ನು, ಗೇರು, ಆಕ್ಸಲ್ಲು ಯಾವುದನ್ನು ಬೇಕಾದರೂ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕು ಪ್ರತಿ ಪೇಟೆಯಲ್ಲಿಯೂ ಸಿಗುವುದರಿಂದ, ಇಂತಹ ಲಾರಿಯನ್ನು ಕೊನೆಗೆ ಗುಜರಿಗೆ ಕಳಿಸುವುದು ಇಂಜಿನ್ನಲ್ಲ, ತಗಡು. ಅದರಲ್ಲಿಯೂ ನಮ್ಮ ಜಿಲ್ಲೆಯಲ್ಲಿ ತಗಡಿಗೆ ಶತ್ರುಗಳು ಹೆಚ್ಚು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು. ಪಶ್ಚಿಮದಲ್ಲಿ ಸಮುದ್ರ, ಅದರಿಂದ ಬರುವ ಉಪ್ಪಿನ ಗಾಳಿ. ಇವೆರಡನ್ನು ಎಲ್ಲರೂ ಹೇಳುತ್ತಾರೆ. ಆದರೆ ಅಡಿಕೆ ತೋಟದ ಲಾರಿಯನ್ನು ತಿನ್ನುವ ಇನ್ನೆರಡು ವಸ್ತುಗಳನ್ನು ನಾವೇ ನಮ್ಮ ಕೈಯಾರೆ ಲಾರಿಗೆ ಹೇರುತ್ತೇವೆ.

ಒಂದು, ಪೊಟ್ಯಾಷ್ ಗೊಬ್ಬರ. ನಾವು ತೋಟಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡಿಗೆಯ ಉಪ್ಪಿನ ಹತ್ತಿರದ ಸಂಬಂಧಿ. ಹೊಲಿಗೆ ಬಿಟ್ಟ ಗೋಣಿಯಿಂದ ಉದುರಿದ ಹರಳುಗಳು ಹಲಗೆಯ ಸಂದಿನಲ್ಲಿ ಸೇರಿಕೊಂಡರೆ ಗಾಳಿಯ ತೇವವನ್ನೇ ಹೀರಿ ಒದ್ದೆಯಾಗಿ, ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗಳನ್ನು ಮಳೆಯಿಲ್ಲದ ದಿನವೂ ತಿನ್ನುತ್ತಿರುತ್ತವೆ. ಇನ್ನೊಂದು, ಮೈಲುತುತ್ತು, ಎಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಮಹಾಳಿ ರೋಗಕ್ಕೆ, ಎಂದರೆ ಕೊಳೆರೋಗಕ್ಕೆ, ಬಿಡುವ ಶೇಕಡಾ 1ರ ಬೋರ್ಡೊ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಪಾಕ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಹರಿತ ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುವುದು ಪ್ರತಿಯೊಬ್ಬ ಕೃಷಿಕನಿಗೂ ಗೊತ್ತಿರುವ ಪರೀಕ್ಷೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಆ ತಾಮ್ರ ಸುಮ್ಮನೆ ಬಂದು ಕೂತದ್ದಲ್ಲ. ಅದು ಕೂತಷ್ಟೇ ಲೆಕ್ಕದಲ್ಲಿ ಅಲಗಿನ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತದೆ. ಸುಣ್ಣ ಬೆರೆಸುವ ಮೊದಲಿನ ಮೈಲುತುತ್ತಿನ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ ಲಾರಿಯಲ್ಲಿ ಸಾಗಿಸಿದಾಗ ತುಳುಕಿದ್ದು ಎಲ್ಲಿ ಬೀಳುತ್ತದೆಯೋ ಅಲ್ಲಿ ಇದೇ ನಡೆಯುತ್ತದೆ, ಅಷ್ಟೇ ಅಲ್ಲ, ಅಲ್ಲಿ ಕೂತ ತಾಮ್ರ ಮುಂದೆ ಪಕ್ಕದ ಕಬ್ಬಿಣವನ್ನು ಇನ್ನೂ ಬೇಗ ತುಕ್ಕು ಹಿಡಿಸುತ್ತದೆ. ನಮ್ಮ ಲಾರಿಯ ಬಾಡಿಯಲ್ಲಿ ಡ್ರಮ್ಮು ಇಡುತ್ತಿದ್ದ ಮೂಲೆಯೇ ಎಲ್ಲಕ್ಕಿಂತ ಹೆಚ್ಚು ಹಾಳಾಗಿತ್ತು.

ಇದನ್ನೆಲ್ಲ ಹೇಳಲು ಕಾರಣವಿದೆ. ತುಕ್ಕು ಪರಿವರ್ತಕ ತುಕ್ಕಿನೊಂದಿಗೆ ಮಾತ್ರ ವ್ಯವಹರಿಸುತ್ತದೆ. ತುಕ್ಕಿನ ಒಳಗೆ ಕುಳಿತ ಉಪ್ಪಿನೊಂದಿಗೆ ಅಲ್ಲ. ಉಪ್ಪನ್ನು ತೊಳೆಯದೆ ಮೇಲಿನಿಂದ ದ್ರಾವಣ ಬಳಿದರೆ ಮೇಲ್ಮೈ ಕಪ್ಪಾಗಿ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಕೆಲಸ ಮುಂದುವರಿದಿರುತ್ತದೆ. ಆದ್ದರಿಂದ ಒಂದು ಚಮಚ ದ್ರಾವಣ ತೆಗೆಯುವ ಮುಂಚೆ ಬಾವಿಯ ನೀರಿನಲ್ಲಿ, ಪೈಪಿನ ಒತ್ತಡದಲ್ಲಿ, ನಾರಿನ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೊಳೆಯಬೇಕು. ಕೆರೆದ ಮೇಲೆ ಮತ್ತೊಮ್ಮೆ ತೊಳೆಯಬೇಕು. ಮಡ್‌ಗಾರ್ಡಿನ ಒಳಬದಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಮಣ್ಣು ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ. ಅದರ ಬಣ್ಣಕ್ಕೆ ಕಾರಣವೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ನೋಡುವವರಿಗೆ ತುಕ್ಕು ಯಾವುದು, ಮಣ್ಣು ಯಾವುದು ತಿಳಿಯುವುದಿಲ್ಲ. ತೊಳೆದಾಗ ಎಷ್ಟೋ ಕಡೆ ತುಕ್ಕೆಂದು ತಿಳಿದದ್ದು ಬರಿಯ ಮಣ್ಣಾಗಿತ್ತು, ಒಂದೆರಡು ಕಡೆ ಮಣ್ಣೆಂದು ತಿಳಿದದ್ದನ್ನು ತೆಗೆದಾಗ ಹಿಂದೆ ತಗಡೇ ಇರಲಿಲ್ಲ.

ಇನ್ನು ದ್ರಾವಣದ ವಿಷಯ. ಅಂಗಡಿಯಲ್ಲಿ ರಸ್ಟ್ ರಿಮೂವರ್ ಕೊಡಿ ಎಂದರೆ ಮೂರು ಬೇರೆ ಬೇರೆ ವಸ್ತುಗಳಲ್ಲಿ ಯಾವುದನ್ನಾದರೂ ಕೈಗಿಡುತ್ತಾರೆ. ಕೊಳ್ಳುವವರು ಹೆಸರನ್ನು ಬಿಟ್ಟು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಕೇವಲ ಫಾಸ್ಫಾರಿಕ್ ಆಮ್ಲ ಇರುವುದು ತುಕ್ಕನ್ನು ಕರಗಿಸುವ ದ್ರಾವಣ. ಅದನ್ನು ಹಚ್ಚಿ, ಕೆಲಸವಾದ ಮೇಲೆ ನೀರಿನಿಂದ ಚೆನ್ನಾಗಿ ತೊಳೆದು, ಕೂಡಲೇ ಒಣಗಿಸಬೇಕು. ಟ್ಯಾನಿಕ್ ಆಮ್ಲ ಅಥವಾ ಟ್ಯಾನಿನ್ ಜೊತೆಗೆ ಲೇಟೆಕ್ಸಿನಂತಹ ಅಂಟು ಇರುವುದು ನಿಜವಾದ ಪರಿವರ್ತಕ. ನೋಡಲು ಹಾಲಿನ ಬಿಳುಪು, ಹಚ್ಚಿದ ಮೇಲೆ ತೊಳೆಯುವಂತಿಲ್ಲ, ಅದು ಪದರವಾಗಿ ಅಲ್ಲಿಯೇ ಉಳಿಯಬೇಕು. ಮೂರನೆಯದು ಎಣ್ಣೆ, ಬಿಗಿಯಾದ ನಟ್ಟು ಬಿಚ್ಚುವುದಕ್ಕೆ ಒಳ್ಳೆಯದು, ಪೈಂಟು ಹೊಡೆಯುವ ತಗಡಿನ ಹತ್ತಿರ ಸುಳಿಯಲೂಬಾರದು, ಏಕೆಂದರೆ ಎಣ್ಣೆಯ ಮೇಲೆ ಯಾವ ಪೈಂಟೂ ನಿಲ್ಲುವುದಿಲ್ಲ. ಎರಡನೆಯ ಬಗೆಯ ಕೆಲಸ ನಮ್ಮ ಅಡಿಗೆ ಮನೆಗೆ ಹೊಸದಲ್ಲ. ಬಾಳೆಕಾಯಿಯನ್ನೋ ಬಾಳೆಹೂವನ್ನೋ ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಹೆಚ್ಚಿದಾಗ ಅಲಗು ಕಪ್ಪಾಗುವುದು ಅದರ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರುವುದರಿಂದ. ಡಬ್ಬಿಯೊಳಗಿನ ದ್ರಾವಣ ತುಕ್ಕಿನ ಮೇಲೆ ಮಾಡುವುದೂ ಇದನ್ನೇ, ಅಂಟು ಮಾತ್ರ ಹೆಚ್ಚುವರಿ.

ಎಡಬದಿಯ ಬಾಗಿಲಿನ ಕೆಳ ಅಂಚಿನಲ್ಲಿ ಇದನ್ನು ಹಚ್ಚಿದಾಗ ಕಂಡದ್ದನ್ನು ವಿವರವಾಗಿ ಹೇಳಬಹುದು. ತಂತಿಯ ಕಪ್ ಬ್ರಷ್ ಹಾಕಿದ ಗ್ರೈಂಡರಿನಿಂದ ಕೆರೆದಾಗ ತಗಡು ಬೂದು ಬಣ್ಣಕ್ಕೆ ಬಂದಿತ್ತು, ಸಾಸಿವೆ ಗಾತ್ರದ ತಗ್ಗುಗಳಲ್ಲಿ ಮಾತ್ರ ಕಂದು ಬಣ್ಣ ಉಳಿದಿತ್ತು. ತೊಳೆದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ ಬಟ್ಟಲಿಗೆ ಸ್ವಲ್ಪ ದ್ರಾವಣ ಸುರಿದುಕೊಂಡು ತೆಳುವಾಗಿ ಬಳಿದೆ. ಹಾಲಿನ ಬಣ್ಣದ ಪದರ ತಗ್ಗುಗಳ ಸುತ್ತ ಮೊದಲು ನೇರಳೆಯಾಯಿತು, ಆಮೇಲೆ ನೀಲಿ ಕಪ್ಪಾಯಿತು, ಕಾಲು ಗಂಟೆಯೊಳಗೆ ಪ್ರತಿಯೊಂದು ತಗ್ಗೂ ಶಾಯಿಯ ಚುಕ್ಕೆಯಷ್ಟು ಕಪ್ಪಾಗಿ ಎದ್ದು ಕಂಡಿತು. ಆದರೆ ಅದೇ ಹೊತ್ತಿಗೆ ಗ್ರೈಂಡರಿನಿಂದ ಪೂರ್ತಿ ಬೆಳ್ಳಗಾಗಿದ್ದ ಜಾಗದಲ್ಲಿ ಅದು ಕಪ್ಪಾಗದೆ ಅಂಟಂಟಾಗಿ ಹಾಗೆಯೇ ಕುಳಿತಿತ್ತು. ತುಕ್ಕಿಲ್ಲದ ಕಬ್ಬಿಣಕ್ಕೆ ಅದರಿಂದ ಏನೂ ಲಾಭವಿಲ್ಲ; ಅಂತಹ ಜಾಗಕ್ಕೆ ಬಿದ್ದುದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಇಡೀ ಬಾಗಿಲಿಗೆ ಬಳಿದು ಬಿಟ್ಟರೆ ಹೆಚ್ಚು ರಕ್ಷಣೆ ಎಂದು ತಿಳಿಯುವವರಿಗೆ ಈ ಮಾತು ಮುಖ್ಯ.

ಡಬ್ಬಿಗೆ ಬ್ರಷ್ಷನ್ನು ನೇರವಾಗಿ ಅದ್ದಬಾರದು ಎಂಬ ಸೂಚನೆಯನ್ನು ಪಾಲಿಸಲೇಬೇಕು, ಏಕೆಂದರೆ ಬ್ರಷ್ಷಿನಲ್ಲಿ ಹೋದ ತುಕ್ಕಿನ ಪುಡಿ ಡಬ್ಬಿಯೊಳಗೇ ಕೆಲಸ ಆರಂಭಿಸಿ ಉಳಿದ ದ್ರಾವಣವನ್ನೆಲ್ಲ ಕಪ್ಪು ಮಾಡುತ್ತದೆ. ಬಟ್ಟಲಿನಲ್ಲಿ ಉಳಿದದ್ದನ್ನು ಮರಳಿ ಡಬ್ಬಿಗೆ ಸುರಿಯುವುದೂ ಇದೇ ಕಾರಣಕ್ಕೆ ಕೂಡದು. ಹಾಗೆಯೇ ಬಿಸಿಲಿಗೆ ಕಾದ ತಗಡಿನ ಮೇಲೆ ಹಚ್ಚಬಾರದು. ಫೆಬ್ರವರಿ ಮಧ್ಯಾಹ್ನದ ನಮ್ಮ ಬಿಸಿಲಿನಲ್ಲಿ ದ್ರಾವಣ ತುಕ್ಕಿನ ಒಳಗೆ ಇಳಿಯುವ ಮೊದಲೇ ಒಣಗಿ ಸಿಪ್ಪೆಯಾಗುತ್ತದೆ. ನಾನು ತಂದ ಡಬ್ಬಿಗಳಲ್ಲಿ ಒಂದು ತೆರೆಯುವಾಗಲೇ ಮೊಸರಿನಂತೆ ಒಡೆದಿತ್ತು. ಅಂಗಡಿಯವರು ಬದಲಾಯಿಸಿ ಕೊಡಲು ಒಪ್ಪಲಿಲ್ಲ, ಕಲಕಿದರೆ ಸರಿಯಾಗುತ್ತದೆ ಎಂದರು. ಕಲಕಿದರೆ ಸರಿಯಾಗುವುದಿಲ್ಲ; ಲೇಟೆಕ್ಸ್ ಒಮ್ಮೆ ಗಂಟು ಕಟ್ಟಿದರೆ ಮುಗಿಯಿತು. ಕೊಳ್ಳುವಾಗ ತಯಾರಾದ ತಿಂಗಳನ್ನು ನೋಡಿ, ಡಬ್ಬಿಯನ್ನು ಅಲುಗಾಡಿಸಿ ದ್ರವದ ಸದ್ದು ಬರುತ್ತದೆಯೇ ಎಂದು ಕೇಳಿಕೊಳ್ಳುವುದು ಅಂಗಡಿಯಲ್ಲಿಯೇ ಆಗಬೇಕಾದ ಕೆಲಸ.

ದ್ರಾವಣ ಸೋಲುವುದು ಎಲ್ಲಿ ಎಂಬುದಕ್ಕೆ ಬರುತ್ತೇನೆ. ಹಳೆಯ ಬಾಗಿಲಿನಿಂದ ಕತ್ತರಿಸಿ ತೆಗೆದ ತಗಡಿನ ತುಂಡುಗಳನ್ನು ಬಿಸಾಡದೆ ಅವುಗಳಿಗೆ ಬೇರೆ ಬೇರೆ ರೀತಿಯಲ್ಲಿ ಬಣ್ಣ ಬಳಿದು, ಮಳೆಗಾಲ ಪೂರ್ತಿ ಶೆಡ್ಡಿನ ಸೂರಿನ ನೀರು ಬೀಳುವಲ್ಲಿ ನಿಲ್ಲಿಸಿದ್ದೆ. ಡಬ್ಬಿ ಹೇಳಿದ ಹಾಗೆ ಸಡಿಲ ಸಿಪ್ಪೆಯನ್ನು ಮಾತ್ರ ಉದುರಿಸಿ ದ್ರಾವಣ ಹಚ್ಚಿ, ಮೇಲೆ ಎನಾಮೆಲ್ ಹೊಡೆದ ತುಂಡಿನಲ್ಲಿ ಜುಲೈ ಹೊತ್ತಿಗೇ ಗುಳ್ಳೆಗಳೆದ್ದವು. ಉಗುರಿನಿಂದ ಒತ್ತಿದರೆ ಗುಳ್ಳೆಯೊಳಗಿನಿಂದ ಕಂದು ನೀರು ಬರುತ್ತಿತ್ತು. ಗ್ರೈಂಡರಿನಿಂದ ಕೆರೆದು, ತೊಳೆದು, ತಗ್ಗುಗಳಿಗೆ ಮಾತ್ರ ದ್ರಾವಣ ಮುಟ್ಟಿಸಿ, ರೆಡ್ ಆಕ್ಸೈಡ್ ಪ್ರೈಮರಿನ ಮೇಲೆ ಎನಾಮೆಲ್ ಹೊಡೆದ ತುಂಡು ಮಟ್ಟಸವಾದ ಜಾಗದಲ್ಲೆಲ್ಲ ಚೆನ್ನಾಗಿಯೇ ಉಳಿಯಿತು, ಆಳವಾದ ತಗ್ಗುಗಳ ಮೇಲೆ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣಿಸಿಕೊಂಡವು. ದ್ರಾವಣವನ್ನೇ ಮುಟ್ಟಿಸದೆ, ಪೂರ್ತಿ ಬೆಳ್ಳಗೆ ಕೆರೆದು ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆದ ತುಂಡು ಎಲ್ಲಕ್ಕಿಂತ ಚೆನ್ನಾಗಿತ್ತು, ಕತ್ತರಿಸಿದ ಅಂಚೊಂದರಲ್ಲಿ ಮಾತ್ರ ತುಕ್ಕಿನ ಗೆರೆ. ಹಣ ಎಲ್ಲಿ ಹೂಡಬೇಕೆಂದು ಕೇಳಿದರೆ ನನ್ನ ಉತ್ತರ ಈ ಮೂರನೆಯ ತುಂಡು.

ಆದರೆ ಲಾರಿಯ ಪ್ರತಿಯೊಂದು ಮೂಲೆಯನ್ನೂ ಬೆಳ್ಳಗೆ ಕೆರೆಯಲು ಸಾಧ್ಯವಿಲ್ಲ. ಕ್ಯಾಬಿನ್ನಿನ ಎರಡು ತಗಡುಗಳು ಒಂದರ ಮೇಲೊಂದು ಕುಳಿತು ಸ್ಪಾಟ್ ವೆಲ್ಡಿಂಗ್ ಆದ ಸಂದುಗಳಲ್ಲಿ ಗ್ರೈಂಡರಿನ ಬ್ರಷ್ ಹೋಗುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಇಂತಹ ಸಂದುಗಳು ಉಬ್ಬಿ, ವೆಲ್ಡಿಂಗಿನ ಚುಕ್ಕೆಗಳೇ ಕಿತ್ತುಬರುತ್ತವೆ. ಇಲ್ಲಿ ದ್ರಾವಣವನ್ನು ಸಿರಿಂಜಿನಲ್ಲಿ ತುಂಬಿ ಹನಿ ಹನಿಯಾಗಿ ಬಿಡಬಹುದು ಎಂದು ಸಲಹೆ ಕೊಡುವವರಿದ್ದಾರೆ. ಪ್ರಯೋಜನ ಕಡಿಮೆ. ಬಾಯಿಯಲ್ಲಿ ಕಪ್ಪಾದ ಪದರ ಗಟ್ಟಿಯಾಗಿ ಒಳಗೆ ಹನಿ ಇಳಿಯುವ ದಾರಿಯನ್ನೇ ಮುಚ್ಚುತ್ತದೆ. ಉಬ್ಬಿದ ಸಂದನ್ನು ಬಿಡಿಸಿ, ತಗಡು ಬದಲಾಯಿಸಿ, ಸೀಲರ್ ತುಂಬುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಯಾವ ತಗಡನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬುದಕ್ಕೆ ಚಿಕ್ಕ ಸುತ್ತಿಗೆಯೊಂದೇ ಸಾಕು. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದುಹೋದದ್ದು ಬೊದ್ದು ಸದ್ದು ಮಾಡಿ ತಗ್ಗುತ್ತದೆ. ವಿಂಡ್‌ಶೀಲ್ಡಿನ ರಬ್ಬರ್ ಬೀಡಿಂಗಿನ ಕೆಳಗೆ, ಕಾಲಿಡುವಲ್ಲಿ ಮ್ಯಾಟಿನ ಅಡಿ, ಬಾಗಿಲಿನ ಕೆಳ ಅಂಚು, ಕ್ಯಾಬಿನ್ ಚಾಸಿಸ್ಸಿನ ಮೇಲೆ ಕೂರುವ ಮೌಂಟಿನ ಸುತ್ತ, ಬಾಡಿಯಲ್ಲಿ ಮರದ ಹಲಗೆ ಕಬ್ಬಿಣದ ಮೇಲೆ ಮಲಗುವ ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಮೌಂಟಿನ ಸುತ್ತ ಬೊದ್ದು ಸದ್ದು ಬಂದರೆ ಅದನ್ನು ಮನೆಯಲ್ಲಿ ಪ್ರಯೋಗ ಮಾಡುವ ಜಾಗವೆಂದು ತಿಳಿಯಬಾರದು. ಚಾಸಿಸ್ಸಿನ ವಿಷಯದಲ್ಲಿಯೂ ಅಷ್ಟೇ. ಸ್ಪ್ರಿಂಗ್ ಪ್ಲೇಟುಗಳನ್ನಂತೂ ಆಮ್ಲದಲ್ಲಿ ನೆನೆಹಾಕಲೇಬಾರದು. ಗಡಸು ಮಾಡಿದ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಮುಂದೆ ಭಾರ ಬಿದ್ದಾಗ ಮುರಿಯುವ ಅಪಾಯವಿದೆ.

ಬೆಸುಗೆಯ ಕೆಲಸಕ್ಕೆ ಮನೆಗೇ ಯಂತ್ರ ತಂದು ಮಾಡಿಕೊಡುವ ಹತ್ತಿರದ ಊರಿನ ಟಿಂಕರಿಂಗ್, ಎಂದರೆ ವಾಹನದ ತಗಡು ದುರಸ್ತಿಯ, ಕೆಲಸದವರೊಬ್ಬರನ್ನು ಕರೆಸಿದ್ದೆ. ದ್ರಾವಣಕ್ಕಿಂತ ಅವರ ಸೇವೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಗೇಟು, ಕಿಟಕಿಯ ಸರಳು ಬೆಸೆಯುವ ಆರ್ಕ್ ವೆಲ್ಡಿಂಗಿನ ಕಡ್ಡಿ ಕ್ಯಾಬಿನ್ನಿನ ತೆಳು ತಗಡಿಗೆ ತಾಗಿದರೆ ತೂತು ಬೀಳುತ್ತದೆ, ಇವರದ್ದು ಕಾರ್ಬನ್ ಡೈಆಕ್ಸೈಡ್ ಅನಿಲದ ಮರೆಯಲ್ಲಿ 0.8 ಮಿಲಿಮೀಟರ್ ತಂತಿಯಿಂದ ಬೆಸೆಯುವ ಸಿಒಟು ವೆಲ್ಡಿಂಗ್. ಬಂದವರೇ ಮೊದಲು ಬ್ಯಾಟರಿಯ ಟರ್ಮಿನಲ್ ಬಿಚ್ಚಿದರು, ಡೀಸೆಲ್ ಟ್ಯಾಂಕ್ ಇಳಿಸದೆ ಆ ಬದಿಯಲ್ಲಿ ಕೆಲಸ ಮಾಡುವುದಿಲ್ಲ ಎಂದರು, ಒಂದು ಬಕೆಟ್ ನೀರನ್ನೂ ಒದ್ದೆ ಗೋಣಿಯನ್ನೂ ಹತ್ತಿರವಿಡಲು ಹೇಳಿದರು. ಬಾಗಿಲಿನ ಕೆಳಭಾಗಕ್ಕೆ ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದನ್ನು 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟಿನ ಮೇಲಿಟ್ಟು ಗೆರೆ ಎಳೆದು, ಹಳೆಯ ತಗಡಿನ ಅಂಚಿಗೆ ಅಂಚು ಕೂಡುವ ಹಾಗೆ ತುಂಡು ಮಾಡಿದರು. ಉದ್ದಕ್ಕೆ ಒಂದೇ ಗೆರೆಯಾಗಿ ಬೆಸೆಯದೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ನಡುನಡುವೆ ಕೈಯಿಟ್ಟು ಬಿಸಿ ನೋಡಿ ಆರುವವರೆಗೆ ಕಾಯುತ್ತಿದ್ದರು. ಇಷ್ಟು ನಿಧಾನವೇಕೆ ಎಂದು ನಾನು ಕೇಳದಿದ್ದರೂ ಅವರೇ ಹೇಳಿದರು: “ಅಣ್ಣಾ, ಒಮ್ಮೆಲೇ ಎಳೆದರೆ ಬಾಗಿಲು ಹಪ್ಪಳ ಆಗ್ತದೆ, ಮತ್ತೆ ಪುಟ್ಟಿ ಎಷ್ಟು ತುಂಬಿಸಿದರೂ ಮುಗಿಯುವುದಿಲ್ಲ.” ಹಳೆಯ ತಗಡಿನ ಮೇಲೆ ಹೊಸ ತಗಡನ್ನು ಹಾಗೆಯೇ ಹೊದಿಸಿ ಬೆಸೆಯುವುದು ಪೇಟೆಯಲ್ಲಿ ಹೆಚ್ಚಾಗಿ ನಡೆಯುವ ಪದ್ಧತಿ, ಬೇಗ ಮುಗಿಯುತ್ತದೆ, ಅಗ್ಗ, ಮತ್ತು ಎರಡು ತಗಡುಗಳ ನಡುವೆ ನೀರು ನಿಲ್ಲುವ ಹೊಸ ಸಂದೊಂದನ್ನು ಸೃಷ್ಟಿಸಿ ಎರಡು ಮಳೆಗಾಲದೊಳಗೆ ಮತ್ತೆ ಕರೆಸಿಕೊಳ್ಳುತ್ತದೆ.

ಯಂತ್ರ ಬಾಡಿಗೆಗೆ ತಂದು ಸ್ವತಃ ಬೆಸೆಯುವ ಉತ್ಸಾಹವಿರುವವರು ಗಮನಿಸಬೇಕಾದದ್ದು, ಬೀಸುವ ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಹಾರಿಹೋದರೆ ಬೆಸುಗೆಯಲ್ಲಿ ತೂತುಗಳಾಗುತ್ತವೆ, ಆದ್ದರಿಂದ ತೆರೆದ ಅಂಗಳ ಇದಕ್ಕೆ ಆಗದು. ಸಂಜೆ ವೋಲ್ಟೇಜ್ ಇಳಿಯುವ ಮನೆಗಳಲ್ಲಿ ಬೆಳಗಿನ ಹೊತ್ತೇ ಲೇಸು. ಗ್ಯಾಲ್ವನೈಸ್ಡ್ ತಗಡು ತುಕ್ಕು ಹಿಡಿಯುವುದಿಲ್ಲವೆಂದು ಅದನ್ನೇ ಬೆಸೆಯಲು ಹೊರಟರೆ ಸತುವಿನ ಹೊಗೆ ಉಸಿರಿಗೆ ಹೋಗಿ ರಾತ್ರಿ ಚಳಿಜ್ವರ ಬರುತ್ತದೆ. ಬೆಸೆಯುವ ಅಂಚಿನಿಂದ ಸತುವನ್ನು ಮೊದಲು ಕೆರೆದು ತೆಗೆಯಬೇಕು. ಹಳೆಯ ಪೈಂಟಿನಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಗ್ರೈಂಡರ್ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟುವುದು ಸಾಲದು, ಒಳ್ಳೆಯ ಮಾಸ್ಕ್ ಬೇಕು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಪ್ ಬ್ರಷ್ಷಿನ ತಂತಿಗಳು ಕಿತ್ತು ಹಾರುವ ವೇಗವನ್ನು ಒಮ್ಮೆ ಕಂಡವರು ಇದನ್ನು ಹೇಳಿಸಿಕೊಳ್ಳುವುದಿಲ್ಲ. ಮಕ್ಕಳನ್ನೂ, ಒಣಹಾಕಿದ ಅಡಿಕೆಯನ್ನೂ ಆ ಧೂಳಿನಿಂದ ದೂರವಿಡಬೇಕು.

ಅಡಿಕೆಯ ಮಾತು ಬಂದದ್ದರಿಂದ ಕಾಲದ ವಿಷಯವನ್ನೂ ಹೇಳಬೇಕು. ಪೈಂಟಿನ ಕೆಲಸಕ್ಕೆ ಗಾಳಿಯ ಆರ್ದ್ರತೆ ಶೇಕಡಾ 85ಕ್ಕಿಂತ ಕಡಿಮೆ ಇರಬೇಕು, ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಎಂಬುದು ಎಲ್ಲ ಕಡೆ ಒಪ್ಪಿದ ನಿಯಮ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಇದು ಆಗದ ಮಾತು. ಡಿಸೆಂಬರಿನಿಂದ ಮಾರ್ಚಿನವರೆಗಿನ ದಿನಗಳು ಅನುಕೂಲ, ಆದರೆ ಅದೇ ತಿಂಗಳುಗಳಲ್ಲಿ ಅಂಗಳವೆಲ್ಲ ಅಡಿಕೆಗೆ ಮೀಸಲು. ಲಾರಿಗೆ ಶೆಡ್ಡು ಅಥವಾ ಹಟ್ಟಿಯ ಬದಿ ಮಾತ್ರ ಉಳಿಯುತ್ತದೆ. ಬೆಳಗ್ಗೆ ಒಂಬತ್ತರ ಮುಂಚೆ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಇಬ್ಬನಿ ಇರುತ್ತದೆ, ಕೈ ಸವರಿದರೆ ತಿಳಿಯುತ್ತದೆ. ಕೆರೆದ ತಗಡನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೆ ಬೆಳಗ್ಗೆ ಅದು ಅರಸಿನ ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಆ ದಿನ ಎಷ್ಟು ಪ್ರೈಮರ್ ಹೊಡೆಯಬಹುದೋ ಅಷ್ಟನ್ನೇ ಕೆರೆಯುವುದು ಜಾಣತನ.

ಪ್ರೈಮರಿನ ಆಯ್ಕೆಯಲ್ಲಿ ಅಂಗಡಿಯವರ ಸಲಹೆ ಹೆಚ್ಚಾಗಿ ತಪ್ಪುತ್ತದೆ. ಪರಿವರ್ತಕ ಹಚ್ಚಿ ಅದರ ಮೇಲೆ ಎಪಾಕ್ಸಿ ಹೊಡೆದರೆ ಡಬಲ್ ರಕ್ಷಣೆ ಎನ್ನುತ್ತಾರೆ. ಎಪಾಕ್ಸಿಯನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡನರ್ ಕ್ಷಾರ ಸ್ವಭಾವದ್ದು. ತಗಡಿನ ಮೇಲೆ ಆಮ್ಲದ ಶೇಷ ಉಳಿದಿದ್ದರೆ ಅದು ಆ ಆಮ್ಲದೊಂದಿಗೇ ವ್ಯಯವಾಗಿ, ತಗಡಿಗೆ ತಾಗಿದ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೇಲಿನಿಂದ ಗಟ್ಟಿ, ಅಡಿಯಲ್ಲಿ ಸಡಿಲ. ಎಪಾಕ್ಸಿ ಬೇಕೆಂದು ನಿರ್ಧರಿಸಿದ ಜಾಗದಲ್ಲಿ ಪರಿವರ್ತಕ ಬೇಡ. ಪರಿವರ್ತಕ ಹಚ್ಚಿದ ಜಾಗಕ್ಕೆ ಡಬ್ಬಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ದಿನ, ಒಣಗಲು ಬಿಟ್ಟು ಎಣ್ಣೆ ಆಧಾರಿತ ಪ್ರೈಮರ್ ಹೊಡೆಯಬೇಕು. ಪುಟ್ಟಿ ನೀರು ಹೀರುವ ವಸ್ತು, ಅದರ ಅಡಿಯಲ್ಲಿಯೂ ಮೇಲೆಯೂ ಪ್ರೈಮರ್ ಇರಲೇಬೇಕು. ಹೊಳಪಿಗಾಗಿ ಎರಡು ಭಾಗದ ಪಿಯು (ಪಾಲಿಯುರೆಥೇನ್) ಪೈಂಟನ್ನು ಮನೆಯಲ್ಲಿ ಸ್ಪ್ರೇ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಅಪಾಯಕಾರಿ, ಸಾಧಾರಣ ಮಾಸ್ಕ್ ಅದನ್ನು ತಡೆಯುವುದಿಲ್ಲ. ಗೊಬ್ಬರ ಹೊರುವ ಲಾರಿಗೆ ಬ್ರಷ್ಷಿನಲ್ಲಿ ಹೊಡೆದ ಎನಾಮೆಲ್ ಸಾಕಷ್ಟು ಚೆಂದ.

ಬಣ್ಣ ಬದಲಾಯಿಸುವವರು ಆರ್.ಸಿ. ನೋಡಿಕೊಳ್ಳಬೇಕು. ಅದರಲ್ಲಿ ಬರೆದ ಬಣ್ಣಕ್ಕಿಂತ ಬೇರೆ ಬಣ್ಣಕ್ಕೆ ಆರ್.ಟಿ.ಒ. ಕಚೇರಿಯಲ್ಲಿ ದಾಖಲಾತಿ ಬೇಕು. ಬಾಡಿಯ ಅಳತೆಯನ್ನಂತೂ ಅನುಮತಿ ಇಲ್ಲದೆ ಬದಲಾಯಿಸುವಂತಿಲ್ಲ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಫಿಟ್‌ನೆಸ್ ವರ್ಷ ವರ್ಷವೂ ಆಗಬೇಕಾದ್ದರಿಂದ, ನಮ್ಮ ಕೆ.ಎಲ್. 14 ನಂಬರಿನ ಲಾರಿಯ ಪೈಂಟಿನ ಕೆಲಸವನ್ನು ಆ ದಿನಾಂಕದ ಹಿಂದೆ ಮುಗಿಯುವಂತೆ ಇಟ್ಟುಕೊಂಡಿದ್ದೆ. ಚಾಸಿಸ್ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸಬಾರದು, ದಪ್ಪ ಪೈಂಟಿನಿಂದ ಮುಚ್ಚಲೂಬಾರದು. ಇಲ್ಲಿ ಮಾತ್ರ ಡಬ್ಬಿಯ ದ್ರಾವಣಕ್ಕೆ ಸಾಟಿಯಿಲ್ಲ: ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ತೆಳುವಾಗಿ ಹಚ್ಚಿದರೆ ಅಕ್ಷರಗಳು ಸವೆಯದೆ ಕಪ್ಪಾಗಿ ಸ್ಪಷ್ಟವಾಗುತ್ತವೆ.

ಮಳೆಗಾಲದ ಮುಂಚೆ ಲಾರಿಯ ಅಡಿಗೆ ಸುಟ್ಟ ಇಂಜಿನ್ ಆಯಿಲ್ ಹೊಡೆಯುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಅದು ತುಕ್ಕನ್ನು ಸ್ವಲ್ಪ ತಡೆಯುವುದು ನಿಜವೇ. ಆದರೆ ರಬ್ಬರ್ ಬುಷ್ಷುಗಳು ಅದರಿಂದ ಉಬ್ಬಿ ಹಾಳಾಗುತ್ತವೆ, ಮೊದಲ ಮಳೆಗೇ ತೊಳೆದು ಹೋದದ್ದು ತೋಡಿಗೋ ಬಾವಿಗೋ ಸೇರುತ್ತದೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದರ ಬದಲು ಬಾಗಿಲಿನ ಮತ್ತು ಕ್ಯಾಬಿನ್ನಿನ ಅಡಿಯ ಡ್ರೈನ್ ತೂತುಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿಟ್ಟು, ಒಳಟೊಳ್ಳಿಗೆ ಮೇಣದ ಸ್ಪ್ರೇ ಬಿಟ್ಟರೆ ಹೆಚ್ಚು ಕಾಲ ಬಾಳುತ್ತದೆ. ನಮ್ಮ ಬಾಗಿಲು ಹಾಳಾದದ್ದೇ ಈ ತೂತುಗಳು ಅಡಿಕೆ ಸಿಪ್ಪೆಯ ನಾರಿನಿಂದ ಮುಚ್ಚಿಹೋಗಿ, ಗಾಜಿನ ಸಂದಿನಿಂದ ಇಳಿದ ನೀರು ಒಳಗೆ ನಿಂತದ್ದರಿಂದ. ಸಣ್ಣ ಬಿಡಿಭಾಗಗಳಿಗೆ, ಕೀಲು ಮತ್ತು ಕೊಂಡಿಗಳಿಗೆ, ದ್ರಾವಣ ವ್ಯರ್ಥ ಮಾಡುವ ಅಗತ್ಯವೂ ಇಲ್ಲ. ಹಿತ್ತಲಿನ ಹುಳಿ ಬಿಂಬುಳಿ ಕಾಯಿಗಳನ್ನು ಜಜ್ಜಿ ಅದರ ರಸದಲ್ಲಿ ಒಂದು ರಾತ್ರಿ ನೆನೆಹಾಕಿ ತಿಕ್ಕಿದರೆ ಸಾಕಷ್ಟು ಬೆಳ್ಳಗಾಗುತ್ತದೆ, ಮತ್ತೆ ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟರೆ ಆಯಿತು.

ಫಾಸ್ಫಾರಿಕ್ ಬಗೆಯನ್ನು ಬಳಸುವವರಿಗೆ ಎರಡು ಎಚ್ಚರಿಕೆ. ಸಿಮೆಂಟಿನ ನೆಲಕ್ಕೆ ಬಿದ್ದರೆ ಅದು ನೊರೆ ಎಬ್ಬಿಸಿ ನೆಲವನ್ನು ತಿನ್ನುತ್ತದೆ, ಅಡಿಗೆ ಪ್ಲಾಸ್ಟಿಕ್ ಹಾಸಿಕೊಳ್ಳಬೇಕು. ಬಾವಿಗೆ ಹಾಕಲು ಮನೆಯಲ್ಲಿರುವ ಬ್ಲೀಚಿಂಗ್ ಪೌಡರಿನ ಹತ್ತಿರ ಅದನ್ನು ಇಡಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ತೊಳೆದ ನೀರಿಗೆ ಒಂದು ಹಿಡಿ ಸುಣ್ಣ ಬೆರೆಸಿ ಬಾವಿಯಿಂದ ದೂರ ಚೆಲ್ಲಬೇಕು.

ಕೊನೆಗೆ ಕೊಳ್ಳುವ ಲೆಕ್ಕ. ಟ್ಯಾನಿನ್ ಬಗೆಯದನ್ನು, ಅರ್ಧ ಲೀಟರಿಗಿಂತ ಹೆಚ್ಚಲ್ಲದಷ್ಟು, ಕೆರೆಯುವ ಕೆಲಸ ಪೂರ್ತಿ ಮುಗಿದ ಮೇಲೆ ಕೊಳ್ಳಿ. ದೊಡ್ಡ ಡಬ್ಬಿ ಅಗ್ಗವೆಂದು ಕಂಡರೂ ಒಮ್ಮೆ ತೆರೆದದ್ದು ಮುಂದಿನ ವರ್ಷದವರೆಗೆ ಉಳಿಯುವುದಿಲ್ಲ. ನಮ್ಮ 407ಕ್ಕೆ, ಎರಡು ಬಾಗಿಲು, ಕ್ಯಾಬಿನ್ನಿನ ನೆಲ, ಬಾಡಿಯ ಅಡ್ಡಪಟ್ಟಿಗಳು ಎಲ್ಲಕ್ಕೂ ಅಷ್ಟೇ ಸಾಕಾಯಿತು. ಉಳಿದ ದುಡ್ಡಿಗೆ ಎಪಾಕ್ಸಿ ಪ್ರೈಮರನ್ನೂ, ಗಟ್ಟಿಯಾದ ಎರಡು ಕಪ್ ಬ್ರಷ್ಷುಗಳನ್ನೂ, ಗೊಬ್ಬರದ ಗೋಣಿಯ ಅಡಿಗೆ ಹಾಸಲು ದಪ್ಪನೆಯ ಒಂದು ಟಾರ್ಪಾಲನ್ನೂ ತನ್ನಿ.